ಮಳೆಯಲ್ಲಿ ಬಾನೆಟ್ಟಿನಿಂದ ಹಬೆ ಎದ್ದರೆ: ಮುಗಿಲ ನೀರೋ, ಒಳಗಿನ ನೀರೋ

ಪುಷ್ಯ ಮಳೆಯ ಒಂದು ಸಂಜೆ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟಿದ್ದೆ. ಉಣಕಲ್ ಕ್ರಾಸಿನ ಸಿಗ್ನಲ್ಲಿನಲ್ಲಿ ಗಾಡಿ ನಿಂತದ್ದೇ ತಡ, ಬಾನೆಟ್ಟಿನ ಎರಡೂ ಅಂಚುಗಳಿಂದ ಬೆಳ್ಳನೆಯ ಹಬೆ ಮೇಲೆದ್ದು ಮುಂದಿನ ಗಾಜಿನತ್ತ ಬರತೊಡಗಿತು. ಪಕ್ಕದಲ್ಲಿ ರೇನ್‌ಕೋಟ್ ತೊಟ್ಟು ಬೈಕಿನ ಮೇಲಿದ್ದವರೊಬ್ಬರು ಕಿಟಕಿ ಬಡಿದು, "ಸರ, ಗಾಡಿ ಮುಂದ ಹೊಗಿ ಬರಾಕತ್ತೈತ್ರಿ, ಮೊದ್ಲ ಬಂದ್ ಮಾಡ್ರಿ" ಎಂದರು. ಗಾಬರಿಯಿಂದ ಗಾಡಿಯನ್ನು ಎಡಕ್ಕೆ ತಂದು, ಎಂಜಿನ್ ಬಂದ್ ಮಾಡಿ, ಬಾನೆಟ್ ಎತ್ತಿ, ಏನೂ ತಿಳಿಯದೆ ಮಳೆಯಲ್ಲಿ ತೊಯ್ಯುತ್ತ ನಿಂತೆ. ಹತ್ತಿರದ ಗ್ಯಾರೇಜಿನಿಂದ ಬಂದ ಮಿಸ್ತ್ರಿ ಎಂಜಿನ್ನಿನೊಳಗೆ ಕೈಯನ್ನೂ ಹಾಕಲಿಲ್ಲ. ಸೀಟಿನ ಕಡೆಯಿಂದ ಬಾಗಿ ಕೀಲಿ ತಿರುಗಿಸಿ, ಮೀಟರಿನ ಮೇಲೊಮ್ಮೆ ಕಣ್ಣಾಡಿಸಿ, "ಇದು ಮುಗಿಲ ನೀರ್ರಿ ಸರ, ಒಳಗಿನ ನೀರಲ್ಲ. ಮುಳ್ಳ ನೋಡ್ರಿ, ಕುಂತಲ್ಲೇ ಕುಂತೈತಿ" ಎಂದು ಹೇಳಿ, ದುಡ್ಡನ್ನೂ ತೆಗೆದುಕೊಳ್ಳದೆ ಹೋದರು.

ಮಳೆಗಾಲದಲ್ಲಿ ಕಾರಿನ ಮುಂಭಾಗದಿಂದ ಏಳುವ ಹಬೆಯ ವಿಷಯದಲ್ಲಿ ನಾವು ಬಿಡಿಸಿಕೊಳ್ಳಬೇಕಾದ ಪ್ರಶ್ನೆ ಅದೊಂದೇ. ಹಬೆಯಾಗುತ್ತಿರುವ ನೀರು ಮೇಲಿನಿಂದ ಬಿದ್ದದ್ದೇ, ಅಥವಾ ಎಂಜಿನ್ನನ್ನು ತಂಪಾಗಿಡಬೇಕಾದ ನೀರೇ ಹೊರಗೆ ಬರುತ್ತಿದೆಯೇ ಎಂಬುದು ಗೊತ್ತಾದರೆ, ಮುಂದೆ ಏನು ಮಾಡಬೇಕೆಂಬುದು ತಾನಾಗಿಯೇ ತೀರ್ಮಾನವಾಗುತ್ತದೆ. ಮೊದಲನೆಯದಾಗಿದ್ದರೆ ಏನೂ ಮಾಡಬೇಕಿಲ್ಲ. ಎರಡನೆಯದಾಗಿದ್ದರೆ ಗಾಡಿಯನ್ನು ಒಂದು ಫರ್ಲಾಂಗು ಹೆಚ್ಚಿಗೆ ಓಡಿಸುವುದೂ ದುಬಾರಿಯಾದೀತು.

ಮಳೆಯಲ್ಲೇ ಹಬೆ ಏಕೆ ಕಾಣುತ್ತದೆ

ಓಡಿ ಬಿಸಿಯಾದ ಎಂಜಿನ್ನಿನೊಳಗೆ ಹರಿಯುವ ಕೂಲಂಟ್, ಅಂದರೆ ಎಂಜಿನ್ನನ್ನು ತಂಪಾಗಿಡುವ ದ್ರವ, ಸಾಮಾನ್ಯವಾಗಿ 90 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿರುತ್ತದೆ. ಅದು ಹಾದುಹೋಗುವ ರೇಡಿಯೇಟರ್ ಕಾರಿನ ಮುಂಭಾಗದಲ್ಲಿ, ಜಾಳಿಗೆಯ ಹಿಂದೆಯೇ ಇರುವುದರಿಂದ ಓಡುವಾಗ ಮಳೆಯ ಹನಿಗಳೂ ಮುಂದಿನ ಗಾಡಿಯ ಚಕ್ರ ಎರಚುವ ನೀರೂ ಅದರ ಮೇಲೆ ಬೀಳುತ್ತಲೇ ಇರುತ್ತವೆ. ಎಂಜಿನ್ನಿನಿಂದ ಸೈಲೆನ್ಸರಿಗೆ ಹೋಗುವ ಕೊಳವೆಯ ಮೊದಲ ಭಾಗವಂತೂ ನೂರಾರು ಡಿಗ್ರಿ ಕಾದಿರುತ್ತದೆ; ಅದರ ಮೇಲೆ ನಾಲ್ಕು ಹನಿ ಬಿದ್ದರೂ ಕಾದ ಹಂಚಿನ ಮೇಲೆ ನೀರು ಚಿಮುಕಿಸಿದಂತೆ ಚುಂಯ್ ಎಂದು ಆವಿಯಾಗುತ್ತದೆ.

ಈ ಆವಿ ಬೇಸಿಗೆಯಲ್ಲಿ ಎದ್ದರೂ ಕಣ್ಣಿಗೆ ಬೀಳುವುದು ಕಡಿಮೆ, ಏಕೆಂದರೆ ಒಣ ಗಾಳಿ ಅದನ್ನು ಕೂಡಲೇ ಹೀರಿಕೊಳ್ಳುತ್ತದೆ. ಆಷಾಢ–ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಗಾಳಿಯೇ ನೀರುಂಡು ತಂಪಾಗಿರುತ್ತದೆ. ಇನ್ನಷ್ಟು ಆವಿಯನ್ನು ಹೀರಿಕೊಳ್ಳಲಾರದು. ಹೀಗಾಗಿ ಮೇಲೆದ್ದ ಆವಿ ತಣಿದು ಸಣ್ಣ ಹನಿಗಳಾಗಿ ಬಿಳಿಯ ಮಂಜಿನಂತೆ ಕಾಣುತ್ತದೆ. ಧಾರವಾಡದ ಮಳೆಗಾಲದಲ್ಲಿ ಕಪ್ಪಿನ ಚಹಾ ಎಷ್ಟು ಹೊತ್ತು ಹಬೆಯಾಡುತ್ತದೆ ಎಂಬುದನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಓಡುತ್ತಿರುವಾಗ ಈ ಹಬೆ ಗಾಳಿಯ ರಭಸಕ್ಕೆ ಕಾರಿನ ಕೆಳಗಿನಿಂದ ಹಿಂದಕ್ಕೆ ಹೋಗಿಬಿಡುತ್ತದೆ. ಸಿಗ್ನಲ್ಲಿನಲ್ಲೋ, ರೈಲ್ವೆ ಗೇಟಿನ ಮುಂದೋ ನಿಂತಾಗ ಹೋಗಲು ದಾರಿಯಿಲ್ಲದೆ ಬಾನೆಟ್ಟಿನ ಸಂದುಗಳಿಂದ ಮೇಲೇಳುತ್ತದೆ. ಅದೇ ಹೊತ್ತಿಗೆ ರೇಡಿಯೇಟರ್ ಫ್ಯಾನ್ ತಿರುಗಲು ಆರಂಭಿಸಿದರೆ, ಜಾಳಿಯಲ್ಲಿ ಕುಳಿತ ನೀರೆಲ್ಲ ಒಮ್ಮೆಗೇ ಆವಿಯಾಗಿ, ನೋಡುವವರಿಗೆ ಎಂಜಿನ್ನೇ ಕುದಿಯಿತೇನೋ ಎನ್ನಿಸುತ್ತದೆ. ಇಂಥ ಹಬೆ ಒಂದೆರಡು ನಿಮಿಷದಲ್ಲಿ ತೆಳುವಾಗಿ ನಿಂತುಹೋಗುತ್ತದೆ. ಮತ್ತೆ ಓಡಿ ಮತ್ತೆ ನಿಂತರೆ ಮತ್ತೆ ಕಾಣಿಸುತ್ತದೆ. ವಾಟರ್ ಸರ್ವಿಸಿಂಗ್ ಮಾಡಿಸಿ ಹೊರಬಂದ ಹತ್ತು ನಿಮಿಷ ಕಾಣುವ ಹಬೆಯೂ ಇದೇ ಜಾತಿಯದು.

ಮೊದಲು ಮೀಟರ್ ನೋಡಿ, ಆದರೆ ಅದೊಂದನ್ನೇ ನಂಬಬೇಡಿ

ಹಬೆ ಕಂಡ ಕೂಡಲೇ ಮಾಡಬೇಕಾದ ಮೊದಲ ಕೆಲಸ ಬ್ರೇಕ್ ಹಾಕುವುದಲ್ಲ, ಟೆಂಪರೇಚರ್ ಮುಳ್ಳನ್ನು ನೋಡುವುದು. ಬಹುತೇಕ ಕಾರುಗಳಲ್ಲಿ ಎಂಜಿನ್ ಹದವಾಗಿ ಬಿಸಿಯಾದ ಮೇಲೆ ಆ ಮುಳ್ಳು ನಡುವಿನ ಗೆರೆಯ ಹತ್ತಿರ, ಅಥವಾ ಅದಕ್ಕಿಂತ ತುಸು ಕೆಳಗೆ ನಿಂತು ಅಲುಗಾಡುವುದಿಲ್ಲ. ನಿಮ್ಮ ಕಾರಿನಲ್ಲಿ ಅದು ದಿನನಿತ್ಯ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಗಾಡಿ ಆರೋಗ್ಯವಾಗಿರುವಾಗಲೇ ಗಮನಿಸಿಟ್ಟುಕೊಳ್ಳಬೇಕು. ಆಪತ್ತಿನ ಹೊತ್ತಿನಲ್ಲಿ ಮೊದಲ ಸಲ ನೋಡಿದವರಿಗೆ ಅದು ಹೆಚ್ಚೋ ಕಡಿಮೆಯೋ ತಿಳಿಯುವುದಿಲ್ಲ. ಇತ್ತೀಚಿನ ಅನೇಕ ಕಾರುಗಳಲ್ಲಿ ಮುಳ್ಳೇ ಇಲ್ಲ. ಎಂಜಿನ್ ತಣ್ಣಗಿರುವಾಗ ನೀಲಿ ದೀಪ, ಮಿತಿಮೀರಿ ಕಾದಾಗ ಕೆಂಪು ದೀಪ ಮಾತ್ರ ಹೊತ್ತಿಕೊಳ್ಳುತ್ತದೆ. ಅಂಥ ಗಾಡಿಯಲ್ಲಿ ಕೆಂಪು ದೀಪ ಕಂಡಿತೆಂದರೆ ಯೋಚಿಸಲು ಸಮಯವಿಲ್ಲವೆಂದೇ ತಿಳಿಯಬೇಕು.

ಮುಳ್ಳು ಕುಳಿತಲ್ಲೇ ಇದ್ದು, ಯಾವ ದೀಪವೂ ಹೊತ್ತದೆ, ಕೆಟ್ಟ ವಾಸನೆಯೂ ಬಾರದಿದ್ದರೆ, ಆ ಹಬೆ ಮುಗಿಲ ನೀರಿನದು, ಪ್ರಯಾಣ ಮುಂದುವರಿಸಬಹುದು. ಇಷ್ಟನ್ನೇ ಕಲಿತು ನಾನು ಮರುವರ್ಷ ಮೋಸಹೋದೆ ಎಂಬುದನ್ನೂ ಇಲ್ಲಿ ಹೇಳಲೇಬೇಕು.

ಗದಗಿನಿಂದ ಹುಬ್ಬಳ್ಳಿಗೆ ಬರುವಾಗ ಅಣ್ಣಿಗೇರಿ ದಾಟಿದ ಮೇಲೆ ಮಳೆ ಹಿಡಿಯಿತು, ತುಸು ಹೊತ್ತಿಗೆ ಬಾನೆಟ್ಟಿನ ಬಲಭಾಗದಿಂದ ಹಬೆ ಏಳಲು ಶುರುವಾಯಿತು. ಮುಳ್ಳು ನೋಡಿದೆ, ಏರಿರಲಿಲ್ಲ, ನಿಶ್ಚಿಂತನಾದೆ. ಗಾಜು ಒಳಗಿನಿಂದ ಮಸುಕಾಗದಿರಲೆಂದು ಹೀಟರ್ ಹಚ್ಚಿ ಗಾಜಿನ ಕಡೆಗೆ ಬಿಟ್ಟಿದ್ದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಗಾಜು ಮತ್ತೆ ಮಸುಕಾಗತೊಡಗಿತು. ಕಿಂಡಿಯ ಮುಂದೆ ಕೈಯಿಟ್ಟರೆ ಬೆಚ್ಚನೆಯ ಗಾಳಿಯ ಬದಲು ತಣ್ಣನೆಯ ಗಾಳಿ ಬರುತ್ತಿತ್ತು. ಮುಳ್ಳನ್ನು ಮತ್ತೆ ನೋಡಿದರೆ ಅದು ಎಂದಿನ ಜಾಗಕ್ಕಿಂತ ಕೆಳಗೇ ಇಳಿದಿತ್ತು. ಗಾಡಿ ನಿಲ್ಲಿಸಿದಾಗ ಕಂಡದ್ದು ಇದು: ರೇಡಿಯೇಟರಿನ ಮೇಲಿನ ಹೋಸ್ ಪೈಪು ಕ್ಲಿಪ್ಪಿನ ಅಂಚಿನಲ್ಲಿ ಉಗುರಿನಷ್ಟು ಸೀಳಿ, ಅಲ್ಲಿಂದ ಕೂಲಂಟ್ ಸಣ್ಣಗೆ ಚಿಮ್ಮಿ ಎಂಜಿನ್ನಿನ ಮೇಲೆ ಆವಿಯಾಗುತ್ತಿತ್ತು. ತಿಂಗಳ ಹಿಂದೆ ಒಂದು ಗ್ಯಾರೇಜಿನಲ್ಲಿ ಆ ಪೈಪನ್ನು ಬಿಚ್ಚಿ ಹಾಕಿದಾಗ ಕ್ಲಿಪ್ಪನ್ನು ಅದರ ಹಳೆಯ ಅಚ್ಚಿನ ಮೇಲೆ ಕೂಡಿಸದೆ ಅಡ್ಡವಾಗಿ ಬಿಗಿದಿದ್ದರು.

ಮುಳ್ಳು ಕೆಳಗಿಳಿದ ಕಾರಣ ಸರಳವಾದದ್ದು. ಬಿಸಿಯನ್ನು ಅಳೆಯುವ ಸೆನ್ಸರ್ ಕೂಲಂಟಿನಲ್ಲಿ ಮುಳುಗಿರಬೇಕು. ಕೂಲಂಟೇ ಇಳಿದುಹೋಗಿ ಸೆನ್ಸರಿನ ಸುತ್ತ ಖಾಲಿ ಜಾಗವಾದರೆ, ಎಂಜಿನ್ ಎಷ್ಟೇ ಕಾದಿರಲಿ, ಅದು ಸುಳ್ಳು ಲೆಕ್ಕ ಹೇಳುತ್ತದೆ. ಕಾರಿನ ಹೀಟರ್ ಕೂಡ ಅದೇ ಕೂಲಂಟಿನ ಬಿಸಿಯಿಂದಲೇ ನಡೆಯುವುದು. ಬಿಸಿ ಎಂಜಿನ್ನಿನಲ್ಲಿ ಹೀಟರಿನಿಂದ ಥಟ್ಟನೆ ತಣ್ಣನೆಯ ಗಾಳಿ ಬಂದರೆ ಒಳಗೆ ಕೂಲಂಟ್ ಕಡಿಮೆಯಾಗಿದೆ ಎಂದೇ ಮೊದಲು ಅನುಮಾನಿಸಬೇಕು. ಆದ್ದರಿಂದ ಮುಳ್ಳು ಏರಿದರೂ ಅನುಮಾನ, ಎಂದಿಗಿಂತ ಇಳಿದರೂ ಅನುಮಾನ. ಎಂದಿನ ಜಾಗದಲ್ಲೇ ಇದ್ದರೆ ಮಾತ್ರ ಸಮಾಧಾನ.

ಮೂಗು ಮತ್ತು ಕಣ್ಣು

ಮಳೆ ನೀರಿನ ಹಬೆಗೆ ವಾಸನೆಯಿಲ್ಲ. ಬಹಳವಾದರೆ ಬಿಸಿ ಧೂಳಿನ, ಮಣ್ಣಿನ ವಾಸನೆ ಇರಬಹುದು. ಕೂಲಂಟಿನ ಹಬೆಗೆ ಒಂದು ಬಗೆಯ ಸಿಹಿ ವಾಸನೆ ಇರುತ್ತದೆ, ಪಾಕ ಸ್ವಲ್ಪ ಹೊತ್ತಿದಾಗ ಬರುವಂಥದ್ದು. ಒಮ್ಮೆ ಮೂಗಿಗೆ ಹತ್ತಿದರೆ ಮರೆಯುವುದಿಲ್ಲ. ಅದು ಕಾರಿನ ಒಳಗೇ ಬರುತ್ತಿದ್ದು, ಗಾಜಿನ ಒಳಮೈಯಲ್ಲಿ ಒರೆಸಿದರೂ ಹೋಗದ ಜಿಡ್ಡಿನ ಪೊರೆ ಕೂತಿದ್ದರೆ, ಡ್ಯಾಶ್‌ಬೋರ್ಡಿನ ಹಿಂದಿರುವ ಹೀಟರಿನ ಸಣ್ಣ ರೇಡಿಯೇಟರ್ ಸೋರುತ್ತಿರುವ ಸಾಧ್ಯತೆ ಹೆಚ್ಚು.

ಹಬೆಯನ್ನೂ ಹೊಗೆಯನ್ನೂ ಬೇರೆ ಮಾಡಿ ನೋಡುವುದು ಇನ್ನೂ ಮುಖ್ಯ. ಹಬೆ ಬೆಳ್ಳಗಿದ್ದು ಒಂದೆರಡು ಮೊಳ ಏರುವಷ್ಟರಲ್ಲಿ ಗಾಳಿಯಲ್ಲಿ ಕರಗುತ್ತದೆ. ಆಯಿಲ್ ಸುಟ್ಟ ಹೊಗೆ ನೀಲಿ ಛಾಯೆಯದು, ಹಾಗೇ ತೇಲುತ್ತ ಉಳಿಯುತ್ತದೆ, ಕಣ್ಣು ಉರಿಸುತ್ತದೆ. ವೈರಿಂಗ್ ಸುಟ್ಟರೆ ಪ್ಲಾಸ್ಟಿಕ್ ಕರಗಿದ ಘಾಟು. ಗದಗ, ನವಲಗುಂದ, ಹಾವೇರಿಯ ಕಡೆ ಓಡಾಡುವವರಿಗೆ ಇನ್ನೊಂದು ಮಾತು. ಹೆಸರಿನ ಸುಗ್ಗಿಯ ದಿನಗಳಲ್ಲಿ ಮಳೆ ಎರಡು ದಿನ ಬಿಡುವು ಕೊಟ್ಟರೆ ಸಾಕು, ಗಿಡಗಳನ್ನು ರಸ್ತೆಯ ಮೇಲೆ ಹರವುತ್ತಾರೆ. ಅದರ ಬಳ್ಳಿ, ಹೊಟ್ಟು ಕಾರಿನ ಕೆಳಗೆ ಸಿಕ್ಕಿ ಸೈಲೆನ್ಸರಿನ ಕಾದ ಕೊಳವೆಗೆ ಸುತ್ತಿಕೊಂಡು ಸುಡುವುದುಂಟು. ಒಣ ಹುಲ್ಲು ಸುಟ್ಟ ವಾಸನೆ ಬಂದರೆ ಅದನ್ನು ಹಬೆಯೆಂದು ತಿಳಿದು ಮುಂದುವರಿಯಬಾರದು; ನಿಂತು, ಇಳಿದು, ಕೆಳಗೆ ಬಾಗಿ ನೋಡಬೇಕು. ಬೆಂಕಿಯ ಅನುಮಾನವಿದ್ದಾಗ ಬಾನೆಟ್ಟನ್ನು ಪೂರ್ತಿ ಎತ್ತಕೂಡದು, ಗಾಳಿ ಸಿಕ್ಕಿ ಉರಿ ಹೆಚ್ಚುತ್ತದೆ. ಎಲ್ಲರನ್ನೂ ಇಳಿಸಿ ದೂರ ಕರೆದೊಯ್ದು 112ಕ್ಕೆ ಕರೆ ಮಾಡುವುದು ಕ್ಷೇಮ.

ಒಳಗಿನ ನೀರೇ ಆಗಿದ್ದರೆ

ಮುಳ್ಳು ಮೇಲೇರುತ್ತಿದ್ದರೂ ಇನ್ನೂ ಕೆಂಪು ಗೆರೆ ಮುಟ್ಟಿಲ್ಲವೆಂದರೆ, ಮೊದಲು ಎಸಿ ಬಂದ್ ಮಾಡಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಅದರ ಫ್ಯಾನನ್ನು ಜೋರು ಮಾಡಿ. ಒಳಗೆ ಕುಳಿತವರಿಗೆ ಕಷ್ಟವಾದರೂ, ಎಂಜಿನ್ನಿನ ಬಿಸಿಯ ಒಂದು ಪಾಲು ಆ ದಾರಿಯಿಂದ ಹೊರಹೋಗುತ್ತದೆ. ಹಝಾರ್ಡ್ ದೀಪ ಹಚ್ಚಿ ನಿಧಾನವಾಗಿ ಎಡಕ್ಕೆ ಸರಿದು, ಸುರಕ್ಷಿತ ಜಾಗ ಸಿಕ್ಕ ಕೂಡಲೇ ನಿಲ್ಲಿಸಿ ಎಂಜಿನ್ ಬಂದ್ ಮಾಡಿ. ಮುಳ್ಳು ಕೆಂಪಿಗೆ ತಲುಪಿದ್ದರೆ, ಕೆಂಪು ದೀಪ ಹೊತ್ತಿದ್ದರೆ, ಅಥವಾ ಹಬೆ ರಭಸದಿಂದ ಸಿಳ್ಳೆ ಹೊಡೆಯುತ್ತ ಬರುತ್ತಿದ್ದರೆ ಈ ಉಪಚಾರಗಳಿಗೆಲ್ಲ ಸಮಯವಿಲ್ಲ. ರಸ್ತೆಯ ಅಂಚಿಗೆ ತಂದು ಕೂಡಲೇ ಬಂದ್ ಮಾಡಬೇಕು. "ಇನ್ನೇನು ನವನಗರ ಬಂತು, ಅಲ್ಲಿ ಗ್ಯಾರೇಜಿದೆ" ಎಂಬ ಲೆಕ್ಕಾಚಾರವೇ ಎಂಜಿನ್ನನ್ನು ಕೆಡಿಸುವುದು. ಈಗಿನ ಎಂಜಿನ್ನುಗಳ ಹೆಡ್, ಅಂದರೆ ಸಿಲಿಂಡರುಗಳ ಮೇಲೆ ಕೂರುವ ಭಾಗ, ಅಲ್ಯೂಮಿನಿಯಮ್ಮಿನದು. ಮಿತಿಮೀರಿ ಕಾದರೆ ಅದು ಬಾಗುತ್ತದೆ, ಅದಕ್ಕೂ ಕೆಳಗಿನ ಎಂಜಿನ್ ಭಾಗಕ್ಕೂ ನಡುವೆ ಸೋರದಂತೆ ಹಾಕಿದ ತೆಳು ಪದರ, ಗ್ಯಾಸ್ಕೆಟ್, ಕೆಟ್ಟುಹೋಗುತ್ತದೆ. ಒಂದು ಪೈಪು ಬದಲಿಸಿದ್ದರೆ ಮುಗಿಯುತ್ತಿದ್ದ ಕೆಲಸ ಎಂಜಿನ್ ಬಿಚ್ಚುವಲ್ಲಿಗೆ ಹೋಗುತ್ತದೆ.

ಬೈಪಾಸಿನಲ್ಲಿಯೋ ಬೇರೆ ಹೆದ್ದಾರಿಯಲ್ಲಿಯೋ ನಿಂತಿದ್ದರೆ, ಮಳೆಯಲ್ಲಿ ಹಿಂದಿನಿಂದ ಬರುವ ಲಾರಿಯವರಿಗೆ ನಿಂತ ಗಾಡಿ ಕಾಣುವುದು ತಡವಾಗುತ್ತದೆಂಬುದನ್ನು ನೆನಪಿಡಿ. ತ್ರಿಕೋನ ಫಲಕವನ್ನು ಸಾಕಷ್ಟು ಹಿಂದೆ ಇಟ್ಟು, ಒಳಗಿದ್ದವರೆಲ್ಲ ರಸ್ತೆಯ ಎಡಬದಿಗೆ, ತಡೆಬೇಲಿಯಿದ್ದರೆ ಅದರ ಆಚೆಗೆ ಹೋಗಿ ನಿಲ್ಲುವುದು ಒಳ್ಳೆಯದು. ರಾಷ್ಟ್ರೀಯ ಹೆದ್ದಾರಿಗಳಲ್ಲಿ 1033 ಸಹಾಯವಾಣಿಗೆ ಕರೆ ಮಾಡಬಹುದು. ಪುಣೆ–ಬೆಂಗಳೂರು ಮಾರ್ಗದ 48ನೇ ಹೆದ್ದಾರಿ ನಮ್ಮ ಬೈಪಾಸಿನ ಮೇಲೆಯೇ ಹಾದುಹೋಗುತ್ತದೆ.

ಇನ್ನು ಬಾನೆಟ್. ಹಬೆ ಜೋರಾಗಿರುವವರೆಗೆ ಅದನ್ನು ಎತ್ತುವ ಗೋಜಿಗೆ ಹೋಗಬೇಡಿ. ಕಡಿಮೆಯಾದ ಮೇಲೆ ಒಳಗಿನ ಲಿವರ್ ಎಳೆದು, ಪಕ್ಕಕ್ಕೆ ನಿಂತು, ಮುಖ ಹಿಂದಿಟ್ಟುಕೊಂಡು ಎತ್ತಬೇಕು. ಎತ್ತಿದ ಮೇಲೂ ರೇಡಿಯೇಟರಿನ ಮುಚ್ಚಳ ಮುಟ್ಟಬಾರದು. ಈ ಮುಚ್ಚಳ ಕುಕ್ಕರಿನ ಸೀಟಿಯಂತೆ ಕೆಲಸ ಮಾಡುತ್ತದೆ. ಸಮುದ್ರಮಟ್ಟದಿಂದ 650–750 ಮೀಟರ್ ಎತ್ತರದಲ್ಲಿರುವ ನಮ್ಮ ಅವಳಿ ನಗರದಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಯ ಸುಮಾರಿಗೇ ಕುದಿಯುತ್ತದೆ; ಮುಚ್ಚಳ ಒಳಗಿನ ಒತ್ತಡವನ್ನು ವಾತಾವರಣದ ಒತ್ತಡಕ್ಕಿಂತ ಸುಮಾರು ಒಂದು ಬಾರ್‌ನಷ್ಟು ಹೆಚ್ಚಿಗೆ ಹಿಡಿದಿಡುವುದರಿಂದ ಅದೇ ನೀರು 120 ಡಿಗ್ರಿಯ ಹತ್ತಿರ ಬರುವವರೆಗೂ ಕುದಿಯದೆ ಇರುತ್ತದೆ. ಆ ಸ್ಥಿತಿಯಲ್ಲಿ ಮುಚ್ಚಳ ತಿರುಗಿಸಿದರೆ ಒತ್ತಡ ಒಮ್ಮೆಗೇ ಇಳಿದು, ಇಡೀ ರೇಡಿಯೇಟರಿನ ನೀರು ಕುದಿದು ಮುಖಕ್ಕೆ, ಎದೆಗೆ ಚಿಮ್ಮುತ್ತದೆ. ಕುಕ್ಕರಿನ ಒತ್ತಡ ಇಳಿಯುವ ಮೊದಲು ಮುಚ್ಚಳ ತೆಗೆಯಬಾರದೆಂದು ಬಲ್ಲ ಮನೆಯವರೇ ರಸ್ತೆಯಲ್ಲಿ ರೇಡಿಯೇಟರಿಗೆ ಕೈ ಹಾಕುತ್ತಾರೆ. ಕನಿಷ್ಠ ಅರ್ಧ ಗಂಟೆ, ಬಹಳ ಕಾದಿದ್ದರೆ ಮುಕ್ಕಾಲು ಗಂಟೆ ಬಿಡಬೇಕು. ಮಳೆ ಬೀಳುತ್ತಿದೆ, ಬೇಗ ತಣ್ಣಗಾದೀತು ಎಂಬ ನಂಬಿಕೆ ಬೇಡ. ಮಳೆ ತಣಿಸುವುದು ಬಾನೆಟ್ಟಿನ ತಗಡನ್ನು, ಒಳಗಿನ ಕಬ್ಬಿಣವನ್ನಲ್ಲ. ಹಾಗೆಯೇ ಫ್ಯಾನಿನ ಹತ್ತಿರ ಕೈ, ಸೆರಗು, ಮಫ್ಲರ್ ಹೋಗದಂತೆ ನೋಡಿಕೊಳ್ಳಿ. ಅನೇಕ ಕಾರುಗಳಲ್ಲಿ ಕೀಲಿ ತೆಗೆದ ಮೇಲೂ ಅದು ತಾನಾಗಿ ತಿರುಗಲು ಶುರುಮಾಡಬಹುದು.

ಕಾಯುವ ಹೊತ್ತಿನಲ್ಲಿ, ಏನನ್ನೂ ಬಿಚ್ಚದೆ, ಕಣ್ಣಿನಿಂದಲೇ ಹುಡುಕಬಹುದಾದದ್ದು ಬಹಳವಿದೆ. ಕೂಲಂಟಿನ ಬಿಳಿ ಪ್ಲಾಸ್ಟಿಕ್ ಡಬ್ಬಿಯ ಮೇಲೆ ಮಿನ್ ಮತ್ತು ಮ್ಯಾಕ್ಸ್ ಎಂಬ ಎರಡು ಗೆರೆಗಳಿರುತ್ತವೆ; ಮಟ್ಟ ಕೆಳಗಿನ ಗೆರೆಗಿಂತ ಇಳಿದಿದೆಯೇ ನೋಡಿ. ರೇಡಿಯೇಟರಿಗೆ ಹೋಗುವ ಮೇಲಿನ ಹೋಸ್, ಕೆಳಗಿನ ಹೋಸ್, ಅವುಗಳ ಕ್ಲಿಪ್ಪುಗಳು, ರೇಡಿಯೇಟರಿನ ಜಾಳಿಯೂ ಪ್ಲಾಸ್ಟಿಕ್ ತೊಟ್ಟಿಯೂ ಕೂಡುವ ಅಂಚು, ಬೆಲ್ಟಿನ ಬದಿಯ ವಾಟರ್ ಪಂಪ್ ಇವು ಸಾಮಾನ್ಯವಾಗಿ ಸೋರುವ ಜಾಗಗಳು. ಹಳೆಯ ಸೋರಿಕೆಯಾಗಿದ್ದರೆ ಅಲ್ಲಿ ಹಸಿರೋ ಗುಲಾಬಿಯೋ ಬಿಳಿಯೋ ಬಣ್ಣದ ಒಣ ಕರೆ ಅಂಟಿರುತ್ತದೆ.

ಮಳೆಯಲ್ಲಿ ಎಲ್ಲವೂ ಒದ್ದೆಯಾಗಿರುವಾಗ ಯಾವುದು ಮಳೆ ನೀರು, ಯಾವುದು ಸೋರಿದ್ದು ಎಂದು ಗುರುತಿಸುವುದು ಹೇಗೆ? ತಣಿದ ಮೇಲೆ, ಅನುಮಾನವಿರುವ ಜಾಗವನ್ನು ಬಿಳಿಯ ಕರವಸ್ತ್ರದಿಂದಲೋ ಕಾಗದದಿಂದಲೋ ಒತ್ತಿ ತೆಗೆಯಿರಿ. ಮಳೆ ನೀರು ಮಣ್ಣಿನ ಕಲೆ ಬಿಡುತ್ತದೆ, ಕೂಲಂಟ್ ತನ್ನ ಬಣ್ಣ ಬಿಡುತ್ತದೆ. ಬೆರಳುಗಳ ನಡುವೆ ತಿಕ್ಕಿದರೆ ನೀರು ನೀರಿನಂತೆಯೇ ಇರುತ್ತದೆ, ಕೂಲಂಟ್ ಜಾರುತ್ತದೆ. ಕೈಯನ್ನು ಆಮೇಲೆ ಚೆನ್ನಾಗಿ ತೊಳೆದುಕೊಳ್ಳಬೇಕು, ಬಾಯಿಗೆ ಹಚ್ಚಿ ಪರೀಕ್ಷಿಸುವ ಸಾಹಸ ಖಂಡಿತ ಬೇಡ. ಸಾಮಾನ್ಯ ಕೂಲಂಟುಗಳಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ, ಅದೂ ಸಿಹಿಯಾದ ವಿಷ. ಅಂಗಳದಲ್ಲಿ ಚೆಲ್ಲಿದ್ದನ್ನು ಹಾಗೇ ಬಿಟ್ಟರೆ ನಾಯಿ, ಬೆಕ್ಕು ನೆಕ್ಕಿ ಸಾಯುವುದುಂಟು. ಎಸಿ ಹಚ್ಚಿದ್ದ ಕಾರಿನ ಕೆಳಗೆ, ಮುಂದಿನ ಸೀಟಿನ ಸುಮಾರಿಗೆ ತೊಟ್ಟಿಕ್ಕುವ ತಿಳಿನೀರು ಮಾತ್ರ ಸೋರಿಕೆಯಲ್ಲ.

ಪೂರ್ತಿ ತಣಿದ ಮೇಲೆ ಮುಚ್ಚಳದ ಮೇಲೆ ದಪ್ಪ ಬಟ್ಟೆ ಹೊದಿಸಿ, ಮೊದಲು ಕಾಲು ಸುತ್ತು ಮಾತ್ರ ತಿರುಗಿಸಿ, ಉಳಿದ ಗಾಳಿ ಬುಸ್ಸೆಂದು ಹೋಗಲು ಬಿಟ್ಟು, ನಂತರ ತೆಗೆಯಬೇಕು. ಕೆಲವು ಕಾರುಗಳಲ್ಲಿ ರೇಡಿಯೇಟರಿಗೆ ಮುಚ್ಚಳವೇ ಇರದೆ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳವೇ ಒತ್ತಡ ಹಿಡಿಯುತ್ತದೆ. ಅಲ್ಲಿಯೂ ಇದೇ ಎಚ್ಚರಿಕೆ. ಕೂಲಂಟ್ ಇದ್ದರೆ ಕೂಲಂಟ್, ಇಲ್ಲದಿದ್ದರೆ ಬಾಟಲಿಯ ಕುಡಿಯುವ ನೀರನ್ನು ಸ್ವಲ್ಪಸ್ವಲ್ಪವಾಗಿ ತುಂಬಿರಿ. ಕಾದ ಎಂಜಿನ್ನಿಗೆ ತಣ್ಣೀರು ಒಮ್ಮೆಲೇ ಸುರಿದರೆ ಲೋಹ ಬಿರುಕು ಬಿಡಬಹುದು. ತುಂಬಿದ ನೀರು ಅಷ್ಟೇ ಬೇಗ ಕೆಳಗೆ ಹರಿದುಹೋಗುತ್ತಿದ್ದರೆ ಅಲ್ಲಿಗೆ ಪ್ರಯತ್ನ ನಿಲ್ಲಿಸಿ, ಗಾಡಿಯನ್ನು ಟೋಯಿಂಗ್ ಮಾಡಿಸುವುದೇ ಸರಿ. ಮಟ್ಟ ನಿಂತರೆ, ಎಸಿ ಇಲ್ಲದೆ, ಮುಳ್ಳಿನ ಮೇಲೆ ಕಣ್ಣಿಟ್ಟು, ಹತ್ತಿರದ ಗ್ಯಾರೇಜಿನವರೆಗೆ ಮಾತ್ರ ನಿಧಾನವಾಗಿ ಹೋಗಬಹುದು.

ನಿಂತ ನೀರಿನಲ್ಲಿ ಹಾದ ಮೇಲೆ

ಜೋರು ಮಳೆಯಾದಾಗ ಟೋಲ್‌ನಾಕಾದಂಥ ತಗ್ಗು ಜಾಗಗಳಲ್ಲಿ ನೀರು ನಿಲ್ಲುವುದು ನಮ್ಮವರಿಗೆ ಹೊಸದಲ್ಲ. ಅಂಥಲ್ಲಿ ಹಾದುಬಂದ ಕಾರಿನ ಕೆಳಗಿನಿಂದ ದಟ್ಟ ಹಬೆ ಏಳುವುದು ಸಹಜ. ಕೆಲವು ನಿಮಿಷಗಳಲ್ಲಿ ಆರುತ್ತದೆ. ಚಿಂತೆ ಮಾಡಬೇಕಾದದ್ದು ಹಬೆಯ ಬಗ್ಗೆಯಲ್ಲ, ಎಂಜಿನ್ ಗಾಳಿ ಸೇದುವ ಕೊಳವೆಯ ಬಗ್ಗೆ. ಚಕ್ರದ ಅರ್ಧಕ್ಕಿಂತ ಹೆಚ್ಚು ಆಳವಿದ್ದರೆ ಹೋಗಬಾರದು. ಹೋಗಲೇಬೇಕಾದರೆ ಮೊದಲ ಗೇರಿನಲ್ಲಿ, ಒಂದೇ ವೇಗದಲ್ಲಿ, ಬಸ್ಸು ಎಬ್ಬಿಸಿದ ಅಲೆ ಇಳಿದ ಮೇಲೆ ಹೋಗಬೇಕು. ನಡುನೀರಿನಲ್ಲಿ ಎಂಜಿನ್ ಬಂದ್ ಬಿದ್ದರೆ ಮತ್ತೆ ಸೆಲ್ಫ್ ಹೊಡೆಯಬೇಡಿ. ಸಿಲಿಂಡರಿನೊಳಗೆ ನೀರು ಸೇರಿದ್ದರೆ ಪಿಸ್ಟನ್ ಅದನ್ನು ಗಾಳಿಯಂತೆ ಅದುಮಲಾರದು, ಕನೆಕ್ಟಿಂಗ್ ರಾಡ್ ಬಾಗುತ್ತದೆ. ತಳ್ಳಿ ಹೊರತಂದು ಮೆಕ್ಯಾನಿಕ್ಕನ್ನು ಕರೆಯುವುದೊಂದೇ ದಾರಿ.

ಮಳೆಗಾಲದಲ್ಲೂ ಎಂಜಿನ್ ಕಾಯುವುದೇಕೆ

ಬೇಸಿಗೆಯಲ್ಲಿ ಮಾತ್ರ ಗಾಡಿ ಹೀಟ್ ಆಗುತ್ತದೆ ಎಂಬ ತಿಳಿವಳಿಕೆ ಅಂಬಾಸಡರ್ ಕಾಲದಿಂದ ಬಂದದ್ದು. ಆಗಿನವರು ಡಿಕ್ಕಿಯಲ್ಲಿ ನೀರಿನ ಕ್ಯಾನ್ ಇಡುತ್ತಿದ್ದದ್ದೂ ಚೈತ್ರ–ವೈಶಾಖಕ್ಕೇ. ರೇಡಿಯೇಟರಿಗೆ ಬೇಕಾದದ್ದು ಮುಖ್ಯವಾಗಿ ಗಾಳಿ. ಆ ಗಾಳಿಯ ದಾರಿಗೆ ಮಳೆಗಾಲದಲ್ಲಿ ಅಡ್ಡಿಗಳು ಹೆಚ್ಚು. ಹುಬ್ಬಳ್ಳಿಯಿಂದ ಪೂರ್ವಕ್ಕೆ, ನವಲಗುಂದ–ಗದಗಿನ ಕಡೆ ಎರೆಮಣ್ಣಿನ ನಾಡು. ಆ ಕೆಸರು ಹಸಿಯಿದ್ದಾಗ ಬೆಣ್ಣೆಯಂತೆ ಮೆತ್ತಿ, ಒಣಗಿದಾಗ ಸಿಮೆಂಟಿನಂತೆ ಬಿಗಿಯುತ್ತದೆ. ಹೊಲದ ದಾರಿಯಲ್ಲಿ ನಾಲ್ಕು ಸಲ ಓಡಾಡಿದ ಕಾರಿನ ರೇಡಿಯೇಟರ್ ಮತ್ತು ಅದರ ಮುಂದಿನ ಎಸಿ ಕಂಡೆನ್ಸರಿನ ಕೆಳಗಿನ ಭಾಗವನ್ನು ಟಾರ್ಚ್ ಹಿಡಿದು ನೋಡಿದರೆ, ಜಾಳಿಯ ಸಂದುಗಳೇ ಕಾಣದಂತೆ ಮುಚ್ಚಿಹೋಗಿರುವುದು ತಿಳಿಯುತ್ತದೆ. ಇದನ್ನು ಕಡಿಮೆ ಒತ್ತಡದ ನೀರಿನಿಂದ, ಸಾಧ್ಯವಾದರೆ ಎಂಜಿನ್ನಿನ ಕಡೆಯಿಂದ ಹೊರಮುಖವಾಗಿ, ಎಂಜಿನ್ ತಣ್ಣಗಿರುವಾಗ ತೊಳೆಯಬೇಕು. ಸರ್ವಿಸಿಂಗ್ ಗನ್ನನ್ನು ಹತ್ತಿರ ಹಿಡಿದರೆ ಆ ತೆಳುವಾದ ಅಲ್ಯೂಮಿನಿಯಮ್ ಎಸಳುಗಳು ಮಡಚಿ ಗಾಳಿಯ ದಾರಿ ಶಾಶ್ವತವಾಗಿ ಮುಚ್ಚುತ್ತದೆ. ನೀರಿನಲ್ಲಿ ತೇಲಿಬಂದ ಪ್ಲಾಸ್ಟಿಕ್ ಚೀಲವೊಂದು ಜಾಳಿಗೆಯ ಹಿಂದೆ ಅಂಟಿಕೊಂಡರೂ ಸಾಕು.

ಎರಡನೆಯದು ಫ್ಯಾನ್. ಅದರ ಮೋಟಾರು, ಕನೆಕ್ಟರು, ರಿಲೇಗಳಿಗೆ ನೀರು ಸೇರಿ ಫ್ಯೂಸ್ ಹೋದರೆ, ಹೆದ್ದಾರಿಯಲ್ಲಿ ಓಡುವಾಗ ಏನೂ ತಿಳಿಯುವುದಿಲ್ಲ. ಊರೊಳಗೆ ಬಂದು ಚೆನ್ನಮ್ಮ ಸರ್ಕಲ್ಲಿನ ದಟ್ಟಣೆಯಲ್ಲಿ ನಿಂತ ಕೆಲವೇ ನಿಮಿಷಗಳಲ್ಲಿ ಮುಳ್ಳು ಏರುತ್ತದೆ, ಮತ್ತೆ ಓಡಿದರೆ ಇಳಿಯುತ್ತದೆ. ಈ ಏರಿಳಿತ ಕಂಡರೆ ಬೇರೇನನ್ನೂ ಬಿಚ್ಚಿಸುವ ಮೊದಲು ಫ್ಯಾನ್ ನೋಡಿಸಿ. ಮನೆಯ ಮುಂದೆಯೇ ಪರೀಕ್ಷಿಸಬಹುದು: ಎಂಜಿನ್ ಚಾಲೂ ಇಟ್ಟು ಎಸಿ ಹಚ್ಚಿದರೆ ಬಹುತೇಕ ಕಾರುಗಳಲ್ಲಿ ಸ್ವಲ್ಪ ಹೊತ್ತಿನಲ್ಲೇ ಫ್ಯಾನ್ ತಿರುಗಬೇಕು.

ಸೈಲೆನ್ಸರಿನ ಬಿಳಿ ಹೊಗೆಯ ಬಗ್ಗೆ ಎರಡು ಮಾತು ಸಾಕು. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು ಒಂದು ಲೀಟರ್ ನೀರೂ ಆವಿಯಾಗಿ ಹುಟ್ಟುತ್ತದೆ, ತಂಪು ಮುಂಜಾನೆ ಅದೇ ಹಿಂದಿನಿಂದ ಬೆಳ್ಳಗೆ ಕಾಣುತ್ತದೆ. ಎಂಜಿನ್ ಬಿಸಿಯಾದ ಮೇಲೆ ನಿಲ್ಲುತ್ತದೆ. ನಿಲ್ಲದೆ ಸಿಹಿ ವಾಸನೆಯೊಡನೆ ಬರುತ್ತಲೇ ಇದ್ದು, ಕೂಲಂಟ್ ಕಾರಣವಿಲ್ಲದೆ ಕಡಿಮೆಯಾಗುತ್ತಿದ್ದು, ಆಯಿಲ್ ಗೇಜಿನ ಕಡ್ಡಿಯಲ್ಲಿ ಎಣ್ಣೆ ಹಾಲು ಬೆರೆಸಿದ ಚಹಾದಂತೆ ಕಂಡರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಆಯಿಲ್ ತುಂಬುವ ಮುಚ್ಚಳದ ಒಳಗಷ್ಟೇ ತುಸು ಕೆನೆಯಂಥದ್ದು ಕಂಡರೆ ಹೆದರಬೇಕಿಲ್ಲ, ಮಳೆಗಾಲದಲ್ಲಿ ಗಾಡಿಯನ್ನು ಬರೇ ಹತ್ತಿರದ ಓಡಾಟಕ್ಕೆ ಬಳಸುವವರಲ್ಲಿ ಅದು ಸಾಮಾನ್ಯ.

ನೀರು ಮತ್ತು ರಿಪೇರಿ

ರಸ್ತೆಯಲ್ಲಿ ಆಪತ್ತಿಗೆ ಹಾಕಿದ ನೀರನ್ನು ಹಾಗೇ ಬಿಡುವುದು ನಮ್ಮಲ್ಲಿ ಬಹಳ ಜನ ಮಾಡುವ ತಪ್ಪು. ನಮ್ಮ ಭಾಗದ ಕೊರೆಬಾವಿಯ ನೀರು, ಅದರಲ್ಲೂ ಗದಗಿನ ಕಡೆಯ ಸವುಳು ನೀರು, ಬಿಸಿಯಾದಾಗ ಪಾತ್ರೆಯಲ್ಲಿ ಬಿಳಿ ಪೊರೆ ಕಟ್ಟುವುದನ್ನು ಎಲ್ಲರೂ ಕಂಡಿದ್ದಾರೆ. ಅದೇ ಪೊರೆ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕಟ್ಟುತ್ತದೆ. ಕೂಲಂಟ್ ಕುದಿಯುವ ಬಿಂದುವನ್ನು ಏರಿಸುವುದರ ಜೊತೆಗೆ ತುಕ್ಕನ್ನೂ ತಡೆಯುತ್ತದೆ, ಬರಿಯ ನೀರಿಗೆ ಆ ಎರಡೂ ಗುಣಗಳಿಲ್ಲ. ಕಾರಿನ ಕೈಪಿಡಿ ಹೇಳಿದ ಕೂಲಂಟನ್ನೇ ಹಾಕಿಸಿ. ಗಟ್ಟಿ ದ್ರಾವಣವಾಗಿದ್ದರೆ ಬ್ಯಾಟರಿಗೆ ಬಳಸುವ ಡಿಸ್ಟಿಲ್ಡ್ ವಾಟರ್ ಬೆರೆಸಬೇಕು, ಪ್ರಮಾಣ ಡಬ್ಬಿಯ ಮೇಲೆಯೇ ಇರುತ್ತದೆ. ಬಣ್ಣ ಒಂದೇ ಇದ್ದ ಮಾತ್ರಕ್ಕೆ ಎರಡು ಕೂಲಂಟುಗಳು ಒಂದೇ ಆಗಿರುವುದಿಲ್ಲ. ಬೇರೆಬೇರೆ ಜಾತಿಯವನ್ನು ಬೆರೆಸಿದರೆ ಗಸಿ ಕಟ್ಟಬಹುದು.

ಮೆಕ್ಯಾನಿಕ್ಕಿನ ಮುಂದೆ "ಹೊಗೆ ಬಂತು" ಎಂದಷ್ಟೇ ಹೇಳಿದರೆ ಅವರು ಎಲ್ಲಿಂದಲೋ ಶುರುಮಾಡುತ್ತಾರೆ. ಓಡುವಾಗ ಬಂತೋ ನಿಂತಾಗ ಬಂತೋ, ಬಾನೆಟ್ಟಿನ ಯಾವ ಬದಿಯಿಂದ ಬಂತು, ಮುಳ್ಳು ಎಲ್ಲಿತ್ತು, ಹೀಟರಿನ ಗಾಳಿ ಬಿಸಿಯಿತ್ತೋ ಇಲ್ಲವೋ, ಎಷ್ಟು ನೀರು ಹಿಡಿಯಿತು ಎಂಬ ಐದು ಸಂಗತಿ ಹೇಳಿದರೆ ಹುಡುಕಾಟ ಅರ್ಧಕ್ಕೆ ಇಳಿಯುತ್ತದೆ. ಹೋಸ್ ಬದಲಿಸಿದ್ದರೆ ಕ್ಲಿಪ್ ಎಲ್ಲಿ ಕೂತಿದೆ ಎಂಬುದನ್ನು ನೀವೇ ಬಾಗಿ ನೋಡಿ. ಅದನ್ನು ನಾನು ಅಣ್ಣಿಗೇರಿಯ ಮಳೆಯಲ್ಲಿ ಕಲಿತೆ. ಗಾಡಿ ಮನೆಗೆ ಬಂದ ರಾತ್ರಿ, ಮಳೆ ತಾಗದ ಪೋರ್ಟಿಕೋದಲ್ಲಿ ನಿಲ್ಲಿಸಿ, ಎಂಜಿನ್ನಿನ ಕೆಳಗೆ ಹಳೆಯ ಪೇಪರಿನ ನಾಲ್ಕು ಹಾಳೆ ಹಾಸಿಡಿ. ಮುಂಜಾನೆ ಗಾಡಿ ಚಾಲೂ ಮಾಡುವ ಮೊದಲು ಹಾಳೆ ಒಣಗಿದೆಯೇ ಎಂದು ನೋಡಿ, ಬಾನೆಟ್ ಎತ್ತಿ, ತಣ್ಣಗಿರುವ ಡಬ್ಬಿಯಲ್ಲಿ ಕೂಲಂಟಿನ ಮಟ್ಟಕ್ಕೆ ಪೆನ್ನಿನಿಂದ ಒಂದು ಗೆರೆ ಎಳೆಯಿರಿ. ವಾರದ ನಂತರ ಮಟ್ಟ ಆ ಗೆರೆಯಲ್ಲೇ ಇದ್ದರೆ ಸೋರಿಕೆ ನಿಂತಿದೆ.